ಅಮ್ಮನಿಗೆ ದಿನಕ್ಕೆ ಹನ್ನೊಂದು ಮಾತ್ರೆ, ಕಡಿಮೆ ಮಾಡಿಸಿದವರು ಇದ್ದೀರಾ? ಅನುಭವ ಹೇಳಿ

ತಿಪಟೂರು ಕೊಬ್ಬರಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68. ಶುಗರ್, ಬಿಪಿ, ಥೈರಾಯ್ಡ್ ಮೂರೂ ಇದೆ, ಒಂದೊಂದಕ್ಕೆ ಒಬ್ಬೊಬ್ಬ ಡಾಕ್ಟರು. ಮಂಡಿ ನೋವಿಗೆ ಇನ್ನೊಬ್ಬರು. ಈಗಿನ ಪಟ್ಟಿ: ಮೆಟ್‌ಫಾರ್ಮಿನ್-ಗ್ಲಿಮೆಪಿರೈಡ್ ಎರಡು ಹೊತ್ತು, ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್, ಥೈರಾಕ್ಸಿನ್, ಅಟೊರ್ವಾಸ್ಟಾಟಿನ್, ರಾಬೆಪ್ರಜೋಲ್-ಲೆವೊಸಲ್ಪಿರೈಡ್ ಗ್ಯಾಸ್ ಕ್ಯಾಪ್ಸೂಲ್, ಪ್ರೀಗ್ಯಾಬಲಿನ್, ತಲೆಸುತ್ತಿಗೆ ಸಿನ್ನರಿಜಿನ್, ಕ್ಯಾಲ್ಸಿಯಂ, ಮಲ್ಟಿವಿಟಮಿನ್. ಇದು ಸಾಲದು ಅಂತ ರೀಲ್ಸ್‌ನಲ್ಲಿ ಜಾಹೀರಾತು ನೋಡಿ ಮಂಡಿಗೆ ಒಂದು ಪುಡಿ ಡಬ್ಬಿ ಬೇರೆ ತರಿಸಿಕೊಂಡಿದ್ದಾರೆ. ತಿಂಗಳಿಗೆ 3,400 ದಾಟುತ್ತಿದೆ. ನಾವಾಗಿ ಯಾವುದನ್ನೂ ನಿಲ್ಲಿಸುವ ಧೈರ್ಯ ಇಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಿ ಬೇಡದ್ದನ್ನು ತೆಗೆಸಿದವರು ಇದ್ದರೆ ಯಾವ ಥರದ ಡಾಕ್ಟರ ಹತ್ತಿರ ಹೋದಿರಿ, ಎಷ್ಟಾಯಿತು, ಆಮೇಲೆ ಹೇಗಿದ್ದಾರೆ, ದಯವಿಟ್ಟು ಹೇಳಿ.

ರಾಜಾಜಿನಗರ ಸೊಸೆ

ನಿಮ್ಮ ಪಟ್ಟಿಯಲ್ಲಿ ಆ ಗ್ಯಾಸ್ ಕ್ಯಾಪ್ಸೂಲ್ ಹೆಸರು ಓದಿದ ಕೂಡಲೇ ನನಗೆ ಹೊಟ್ಟೆ ಉರಿಯಿತು. ನಮ್ಮ ಅತ್ತೆಯ ಕಥೆ ಅದೇ. ಉದ್ದ ಇದೆ, ಆದರೂ ಓದಿ.

ಮೊಮ್ಮಗಳ ನಾಮಕರಣದ ಊಟ ಆದಮೇಲೆ ಹೊಟ್ಟೆಉಬ್ಬರ ಅಂತ ಹೋದಾಗ ಬರೆದುಕೊಟ್ಟದ್ದು. ಚೀಟಿಯಲ್ಲಿ ಹದಿನೈದು ದಿನ ಅಂತಲೇ ಇತ್ತು. ಹದಿನೈದು ದಿನ ಕಳೆದ ಮೇಲೆ ಸಾಕು ಅಂತ ಹೇಳೋರು ಯಾರೂ ಇರಲಿಲ್ಲ. ಮೆಡಿಕಲ್ ಶಾಪಿನವನು ಅದೇ ಹಳೇ ಚೀಟಿ ನೋಡಿ ಕೊಡುತ್ತಾ ಹೋದ, ಅತ್ತೆ ತೊಗೊಳ್ಳುತ್ತಾ ಹೋದರು. ವರ್ಷ ದಾಟಿತು. ಮೊದಲು ಬಲಗೈ ಹೆಬ್ಬೆರಳು ಅದುರೋಕೆ ಶುರುವಾಯಿತು. ಧನುರ್ಮಾಸದಲ್ಲಿ ಬಾಗಿಲಿಗೆ ಹಾಕುವ ಚುಕ್ಕಿ ರಂಗೋಲಿಯ ಎಳೆ ಗರಗಸದ ಹಲ್ಲಿನ ಹಾಗೆ ಬರುತ್ತಿತ್ತು. ಆಮೇಲೆ ಹೆಜ್ಜೆ ಚಿಕ್ಕದಾಯಿತು, ಮುಖದ ಮೇಲೆ ನಗು ಹೋಯಿತು, ಮಾತು ಗುಸುಗುಸು. ಪಾರ್ಕಿನ್ಸನ್, ಅಂದರೆ ಕೈಕಾಲು ನಡುಗುವ ನರದ ಕಾಯಿಲೆ ಅಂದುಬಿಟ್ಟರು.

ಅಲ್ಲಿಂದ ಖರ್ಚಿನ ಲೆಕ್ಕ ಬರೆದಿಟ್ಟಿದ್ದೇನೆ. ನರರೋಗ ತಜ್ಞರಿಗೆ ಸಲಕ್ಕೆ 900. ಎಂಆರ್‌ಐ 7,500, ಅದರಲ್ಲಿ ಏನೂ ಇಲ್ಲ. ಇನ್ನೊಂದು ಸ್ಕ್ಯಾನ್ 14,000. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ತಿಂಗಳಿಗೆ 1,150. ಮನೆಗೆ ಬರುವ ಫಿಸಿಯೋಥೆರಪಿ ಹುಡುಗ ದಿನಕ್ಕೆ 500. ಬಚ್ಚಲಿಗೆ ಹಿಡಿಕಂಬಿ, ಕಮೋಡ್ ಎತ್ತರ ಮಾಡಿಸಿದ್ದು ಸೇರಿ 11,800. ಹಗಲು ನೋಡಿಕೊಳ್ಳುವ ಹೆಂಗಸಿಗೆ ತಿಂಗಳಿಗೆ 16,000, ಅದರ ಮೇಲೆ ಏಜೆನ್ಸಿಗೆ ಒಂದು ತಿಂಗಳ ಕಮಿಷನ್.

ಕೊನೆಗೆ ಬೇರೆ ಆಸ್ಪತ್ರೆಯ ಒಬ್ಬ ಹಿರಿಯ ಡಾಕ್ಟರು "ಫೈಲ್ ಆಮೇಲೆ, ಮನೇಲಿರೋ ಎಲ್ಲಾ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕ್ಕೊಂಡು ಬನ್ನಿ" ಅಂದರು. ಮೇಜಿನ ಮೇಲೆ ಸುರಿದರೆ, ಅವರು ಕೈ ಹಾಕಿದ್ದು ನೇರ ಗ್ಯಾಸ್ ಕ್ಯಾಪ್ಸೂಲಿಗೆ. ಅದರೊಳಗಿನ ಲೆವೊಸಲ್ಪಿರೈಡ್ ಅನ್ನೋದು ಮೆದುಳಿನ ಡೋಪಮಿನ್ ಅನ್ನೋ ರಾಸಾಯನಿಕಕ್ಕೆ ಅಡ್ಡ ನಿಲ್ಲುವ ಔಷಧಿಯಂತೆ, ಮಾನಸಿಕ ಕಾಯಿಲೆಗೆ ಕೊಡುವ ಗುಂಪಿನದು. ಪಾರ್ಕಿನ್ಸನ್‌ನಲ್ಲಿ ಕಡಿಮೆಯಾಗೋದೂ ಡೋಪಮಿನ್ನೇ. ಅಂದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಾಯಿಲೆ ಕೊಟ್ಟು, ತಿಂಡಿ ಆದಮೇಲೆ ಅದಕ್ಕೆ ಔಷಧಿ ಕೊಡುತ್ತಿದ್ದೆವು! ನಿಲ್ಲಿಸಿದ ಮೇಲೆ ಇಳಿಯೋಕೆ ತಿಂಗಳುಗಳೇ ಹಿಡಿದವು. ಈಗ ನಡೆಯುತ್ತಾರೆ, ನಗುತ್ತಾರೆ, ಸೊಸೆಯನ್ನು ಬೈಯುತ್ತಾರೆ. ಲೋಟ ಹಿಡಿದಾಗ ಸ್ವಲ್ಪ ಅದುರು ಉಳಿದಿದೆ.

ತಲೆಸುತ್ತಿನ ಸಿನ್ನರಿಜಿನ್ ವರ್ಷಗಟ್ಟಲೆ ತೊಗೊಂಡರೂ ವಯಸ್ಸಾದವರಿಗೆ ಇದೇ ಥರ ಆಗಬಹುದು ಅಂದರು. ನಿಮ್ಮ ಅಮ್ಮನ ಪಟ್ಟಿಯಲ್ಲಿ ಎರಡೂ ಇದೆ. ನಾಳೆಯೇ ಕೇಳಿ.

ಸುಮ್ನೆ ಓದೋನು

ನನಗೂ ಇದೇ ಕ್ಯಾಪ್ಸೂಲ್ ಬರೆದಿದ್ದಾರೆ. ಈಗ ಕೈ ನೋಡಿಕೊಂಡು ಕೂತಿದ್ದೇನೆ. ಅದುರ್ತಿರೋದು ನಿಮ್ಮ ಕಥೆ ಓದಿದ್ದಕ್ಕಾ, ಮಾತ್ರೆಗಾ?

ಸಕಲೇಶಪುರ ತೋಟ

ಮೇಲಿನ ಅಕ್ಕನ ನೋವು ಅರ್ಥವಾಗುತ್ತೆ. ಆದರೆ ಇಂಥ ಕಥೆ ಓದಿದವರು ಮನೆಗೆ ಹೋಗಿ ಎಲ್ಲಾ ಗ್ಯಾಸ್ ಮಾತ್ರೆ ಕಿತ್ತು ಬಿಸಾಡ್ತಾರೆ, ಅದಕ್ಕೆ ನಮ್ಮದೂ ಹೇಳಬೇಕು.

ಅಪ್ಪನಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿತ್ತು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ರಕ್ತ ತೆಳು ಮಾಡುವ ಮಾತ್ರೆ. ಜೊತೆಗೆ ಪ್ಯಾಂಟೊಪ್ರಜೋಲ್ ಅನ್ನೋ ಗ್ಯಾಸ್ ಮಾತ್ರೆ. ನಮ್ಮ ಭಾವನಿಗೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು: ಗ್ಯಾಸ್ ಮಾತ್ರೆಯಿಂದ ಮೂಳೆ ಸವೆಯುತ್ತೆ, ಬಿ12 ಇಳಿಯುತ್ತೆ, ಕಿಡ್ನಿ ಹೋಗುತ್ತೆ, ಕಂಪನಿಯವರು ಸುಮ್ಮನೆ ಮಾರ್ತಾರೆ ಅಂತ. ಭಾವ ಬಂದು "ಮಾವ, ನಿಮಗೆ ಗ್ಯಾಸೇ ಇಲ್ಲ, ಇದ್ಯಾಕೆ" ಅಂತ ಆ ಒಂದನ್ನು ತೆಗೆಸಿದರು. ಅಪ್ಪನಿಗೆ ಗ್ಯಾಸ್ ಇರಲಿಲ್ಲ, ನಿಜ. ಆ ಮಾತ್ರೆ ಇದ್ದದ್ದು ಗ್ಯಾಸಿಗಲ್ಲ, ಆ ಎರಡು ಮಾತ್ರೆ ಹೊಟ್ಟೆಯೊಳಗೆ ಹುಣ್ಣು ಮಾಡಿ ರಕ್ತ ಹರಿಸದೆ ಇರಲಿ ಅಂತ. ಕಾಫಿ ಕೊಯ್ಲಿನ ಹೊತ್ತು. ಕಣದಲ್ಲಿ ನಿಂತಿದ್ದವರು ಕುಸಿದು ಬಿದ್ದರು. ಹಿಂದಿನ ದಿನ ಮಲ ಡಾಂಬರಿನ ಹಾಗೆ ಕಪ್ಪಗೆ ಹೋಗಿತ್ತಂತೆ, ಯಾರಿಗೂ ಹೇಳಿರಲಿಲ್ಲ.

ಘಾಟಿ ರಸ್ತೆಯಲ್ಲಿ ಮಂಗಳೂರಿಗೆ ಆಂಬುಲೆನ್ಸ್ 9,500, ಆಕ್ಸಿಜನ್ ಬೇರೆ 1,200. ಹಿಮೋಗ್ಲೋಬಿನ್ 5.8 ಇತ್ತು. ರಕ್ತ ಏರಿಸಿದ್ದು, ಎಂಡೋಸ್ಕೋಪಿ ಮಾಡಿ ಕ್ಲಿಪ್ ಹಾಕಿದ್ದು, ಐಸಿಯು, ಎಲ್ಲಾ ಸೇರಿ 1,86,000. ಇನ್ಶೂರೆನ್ಸಿನವರು 'ಹಳೇ ಕಾಯಿಲೆ' ಅಂತ ತಕರಾರು ತೆಗೆದು 92,000 ಮಾತ್ರ ಕೊಟ್ಟರು. ಕೊಯ್ಲಿನ ಆಳುಗಳಿಗೆ ಕೊಡಬೇಕಾದ ದುಡ್ಡು ಆಸ್ಪತ್ರೆಗೆ ಹೋಯಿತು. ಮಾತ್ರೆ ಎಷ್ಟರದು? ಸ್ಟ್ರಿಪ್‌ಗೆ ನೂರೈವತ್ತು ರೂಪಾಯಿ.

ಭಾವ ಇವತ್ತಿಗೂ "ನಾನು ಒಳ್ಳೇದಕ್ಕೇ ಹೇಳಿದ್ದು" ಅಂತಾರೆ. ಮಾತಾಡೋದು ಬಿಟ್ಟಿದ್ದೇವೆ.

ಬ್ಯಾಗ್ ಹೊತ್ತವ ದಾವಣಗೆರೆ

ಇಡೀ ಸರ್ವಿಸ್ ಮೆಡಿಕಲ್ ರೆಪ್ ಆಗಿ ದಾವಣಗೆರೆ, ಚಿತ್ರದುರ್ಗ, ಹರಿಹರ ಸುತ್ತಿದವನು, ಈಗ ನಿವೃತ್ತ. ಯಾವ ಕಾಯಿಲೆ ಬಂದರೂ "ಕಂಪನಿಯವರ ಆಟ" ಅನ್ನೋದು ಈಗ ಫ್ಯಾಷನ್. ಸ್ವಲ್ಪ ಒಳಗಿನ ವಿಷಯ ಹೇಳ್ತೀನಿ.

ನಮ್ಮ ದೇಶದಲ್ಲಿ ಶೆಡ್ಯೂಲ್ ಎಚ್, ಅಂದ್ರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಯನ್ನ ಟಿವಿಯಲ್ಲಿ, ಪೇಪರಿನಲ್ಲಿ ಜನಕ್ಕೆ ಜಾಹೀರಾತು ಮಾಡೋ ಹಾಗಿಲ್ಲ. ಹಾಗಾಗಿ ಜಾಹೀರಾತು ಅಂದ್ರೆ ನಾವೇ. ಬ್ಯಾಗಿನಲ್ಲಿ ಔಷಧಿ ಬಗ್ಗೆ ಚಿತ್ರ ತೋರಿಸೋ ವಿಷುಯಲ್ ಏಡ್, ಸ್ಯಾಂಪಲ್ಲು, ಡಾಕ್ಟರ ಮಗಳು ಯಾವ ಕಾಲೇಜು ಅಂತ ಬರೆದಿಟ್ಟ ಡೈರಿ. ಒಪಿಡಿ ಮುಗಿಯೋವರೆಗೆ ಟೈ ಕಟ್ಟಿಕೊಂಡು ಬಾಗಿಲ ಹೊರಗೆ ನಿಂತರೆ ಒಳಗೆ ಸಿಗೋದು ಒಂದೂವರೆ ನಿಮಿಷ. ಅಷ್ಟರಲ್ಲಿ ನಾಲ್ಕು ಬ್ರ್ಯಾಂಡ್ ಹೇಳಬೇಕು. ಆಮೇಲೆ ಎದುರಿನ ಮೆಡಿಕಲ್‌ಗೆ ಹೋಗಿ ಆರ್‌ಸಿಪಿಎ, ಅಂದ್ರೆ ಆ ಡಾಕ್ಟರು ನಮ್ಮದು ಎಷ್ಟು ಬರೆದ್ರು, ಎದುರಾಳಿದು ಎಷ್ಟು ಬರೆದ್ರು ಅಂತ ಅಂಗಡಿಯವನ ಹತ್ತಿರ ಲೆಕ್ಕ ತೆಗೆಯೋದು. ತಿಂಗಳ ಕೊನೆಗೆ ಮಾರಾಟದ ಲೆಕ್ಕ ಮುಗಿಸೋ ಕ್ಲೋಸಿಂಗ್ ಬಂತು ಅಂದ್ರೆ ಮ್ಯಾನೇಜರ್ ಫೋನಿಗೇ ಎದೆ ಹಿಡ್ಕೊಳ್ತಿತ್ತು. ನನ್ನ ಬಿಪಿ ಮಾತ್ರೆ ಶುರುವಾದದ್ದೇ ಆ ಕಾಲದಲ್ಲಿ, ನಗಬೇಡಿ.

ಒಂದು ಪೆನ್ನಿಗೆ, ಒಂದು ಗೋಡೆ ಗಡಿಯಾರಕ್ಕೆ ಡಾಕ್ಟರ್ ಮಾರಿಕೊಳ್ತಾರೆ ಅನ್ನೋದು ಸುಳ್ಳು. ನಾನು ಗೌರವದಿಂದ ಕೆಲಸ ಮಾಡಿದವನು, ಅದೇ ಸಂಬಳದಲ್ಲಿ ಇಬ್ಬರು ಮಕ್ಕಳನ್ನ ಇಂಜಿನಿಯರ್ ಮಾಡಿದೆ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಡಾಕ್ಟರಿಗೆ ಕೊಟ್ಟ ಉಡುಗೊರೆಯನ್ನ ಕಂಪನಿ ಖರ್ಚು ಅಂತ ತೋರಿಸಿ ತೆರಿಗೆ ಉಳಿಸೋ ಹಾಗಿಲ್ಲ ಅಂದಿದೆ. 2024ರ ಮಾರ್ಚಿನಲ್ಲಿ ಔಷಧಿ ಕಂಪನಿಗಳಿಗೆ ಸರ್ಕಾರದ ಹೊಸ ಸಂಹಿತೆ ಬಂದು ಉಡುಗೊರೆ, ಮೋಜಿನ ಪ್ರವಾಸ ಎಲ್ಲಾ ಕೂಡದು ಅಂತಾಗಿದೆ. ಹಳೇದನ್ನೇ ಇಟ್ಕೊಂಡು ಎಲ್ಲರನ್ನೂ ಬೈಬೇಡಿ.

ರಾಜಾಜಿನಗರ ಸೊಸೆ

@ಬ್ಯಾಗ್ ಹೊತ್ತವ, ಸರ್, ಒಂದೇ ಪ್ರಶ್ನೆ. ಆ ಒಂದೂವರೆ ನಿಮಿಷದಲ್ಲಿ "ಇದನ್ನು ಯಾವಾಗ ನಿಲ್ಲಿಸಬೇಕು" ಅಂತ ಒಂದೇ ಒಂದು ಸಲ ಹೇಳಿದ್ದೀರಾ?

ಬ್ಯಾಗ್ ಹೊತ್ತವ ದಾವಣಗೆರೆ

ಅದು ನನ್ನ ಕೆಲಸ ಅಲ್ಲಮ್ಮ. ಓದಿದವರು ಅವರು, ಸಹಿ ಹಾಕೋರು ಅವರು. ನೀವು ಹದಿನೈದು ದಿನದ ಚೀಟಿಯಲ್ಲಿ ವರ್ಷಗಟ್ಟಲೆ ತಂದಿರಲ್ಲ, ಅದಕ್ಕೂ ನಾನೇ ಹೊಣೆಯಾ?

ರಾಜಾಜಿನಗರ ಸೊಸೆ

ಹೌದು ಸರ್, 68 ವರ್ಷದ ಮುದುಕಿ ಸ್ಟ್ರಿಪ್ ಹಿಂದಿನ ಇರುವೆ ಅಕ್ಷರದ ಇಂಗ್ಲಿಷ್ ಓದಿ ತಿಳ್ಕೊಳ್ಳಬೇಕಿತ್ತು. ತಪ್ಪಾಯ್ತು.

ಸುಮ್ನೆ ಓದೋನು

ನಿಮ್ಮ ಅತ್ತೆಗೂ 68, ಕೇಳಿದವರ ಅಮ್ಮನಿಗೂ 68. ಯಾರ ಕಥೆ ಯಾವುದು ಅಂತ ನನಗೆ ಗೊಂದಲ ಆಗ್ತಿದೆ.

ಎಣ್ಣೆಗಾಯಿ ಹುಬ್ಬಳ್ಳಿ

ನೀವೆಲ್ಲಾ ಗುಳಿಗಿ ಬಗ್ಗೆ ಹೇಳಾಕತ್ತೀರಿ. ನಮ್ಮ ಮನ್ಯಾಗ ಆಗಿದ್ದು ಮಾರಿಗಿ ಹಚ್ಚೂ ಕ್ರೀಮಿಂದ. ಅದೂ ಔಷಧನ ಅಲ್ಲೇನ್ರಿ?

ನಮ್ಮ ತಂಗಿ ಮಗಳ ಲಗ್ನ ಗೊತ್ತಾಗಿತ್ತು. ಬ್ಯೂಟಿ ಪಾರ್ಲರ್‌ನಾಕಿ ಒಂದು ಟ್ಯೂಬಿನ ಹೆಸರು ಬರದು ಕೊಟ್ಲು. ಮೊಮೆಟಾಸೋನ್ ಅನ್ನೂ ಸ್ಟೀರಾಯ್ಡ್, ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೂರೂ ಕೂಡಿದ್ದು. ನೂರಾ ಹತ್ತು ರೂಪಾಯಿಗೆ ಮೆಡಿಕಲ್‌ದಾಗ ಚೀಟಿ ಇಲ್ಲದ ಕೊಟ್ರು. ಮೊದಲ ತಿಂಗಳ ಮಾರಿ ಹಾಲಿನಂಗ ಬೆಳ್ಳಗ. ಓಣಿ ಮಂದಿ ಎಲ್ಲಾ ಹೆಸರು ಕೇಳಿ ಬರಕೊಂಡು ಹೋದ್ರು. ಲಗ್ನ ಮುಗದ ಮ್ಯಾಲ ಬಿಟ್ಲು ನೋಡ್ರಿ, ಮೂರನೇ ದಿನಕ್ಕ ಮಾರಿ ಕೆಂಪ ಟೊಮ್ಯಾಟಿ! ಒಲಿ ಮುಂದ ನಿಂದ್ರಾಕ ಆಗವಲ್ದು, ಬಿಸಲಾಗ ಹೋಗಾಕ ಆಗವಲ್ದು. ಮತ್ತ ಹಚ್ಚಿದ್ರ ಆರಾಮ, ಬಿಟ್ರ ಉರಿ. ಸೆರೆ ಚಟ ಇದ್ದಂಗ. ಗಲ್ಲದ ಮ್ಯಾಲ ಕೂದ್ಲಾ ಬಂದು, ಚರ್ಮ ತೆಳ್ಳಗಾಗಿ ಒಳಗಿನ ಕೆಂಪ ನರ ಕಾಣಾಕತ್ವು. ಅತ್ತಿ ಮನ್ಯಾಗ "ಮೊದಲ ಹಿಂಗ ಇತ್ತೇನು, ಮುಚ್ಚಿಟ್ಟು ಕೊಟ್ರೇನು" ಅಂತ ಮಾತು ಬಂತು.

ಚರ್ಮದ ಡಾಕ್ಟರ್ ನೋಡಿ, ಇದಕ್ಕ ಸ್ಟೀರಾಯ್ಡ್‌ದಿಂದ ಹಾಳಾದ ಮುಖ ಅಂತನ ಹೆಸರೈತಿ, ದಿನಾ ಬರ್ತಾವು ಇಂಥಾವು ಅಂದ್ರು. ಫೀ 600. ಸನ್‌ಸ್ಕ್ರೀನ್ 890, ಅದು ತಿಂಗಳೂ ಬರಂಗಿಲ್ಲ. ಉರಿ ಇಳಿಸೂ ಮುಲಾಮು 740. ಲೇಸರ್ ಒಂದೊಂದು ಸಲಕ್ಕ 4,500, ಅದೂ ಪೂರ್ತಿ ಹೋಗಿಲ್ರಿ. ನೂರಾ ಹತ್ತರ ಟ್ಯೂಬು ನಲವತ್ತು ಸಾವಿರ ನುಂಗೇತಿ.

ನಂಬಿಕೆ ಫಾರ್ಮಸಿ ಮಂಡ್ಯ

ಎಲ್ಲರೂ ಬಂದು ಕೊನೆಗೆ ನಮ್ಮ ತಲೆ ಮೇಲೇ ಹಾಕ್ತೀರ ಅಂತ ಗೊತ್ತಿತ್ತು, ಅದಕ್ಕೇ ಬರೀತಿದ್ದೀನಿ. ನಾನು ಡಿ.ಫಾರ್ಮ ಮಾಡಿ ಸ್ವಂತ ಅಂಗಡಿ ಇಟ್ಟವನು. 2018ರ ಮಾರ್ಚಿಗೆ ಮುಂಚೆ ಆ ಸ್ಟೀರಾಯ್ಡ್ ಮುಲಾಮುಗಳಲ್ಲಿ ಬಹಳಷ್ಟನ್ನ ಚೀಟಿ ಇಲ್ಲದೆ ಕೊಡಬಹುದಿತ್ತು, ಮೈಗೆ ಹಚ್ಚೋದಕ್ಕೆ ವಿನಾಯಿತಿ ಇತ್ತು. ಆಮೇಲೆ ಹದಿನಾಲ್ಕು ಬಗೆ ಸ್ಟೀರಾಯ್ಡನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿದರು. ಈಗ ಚೀಟಿ ಇಲ್ಲದೆ ಕೊಡೋದು ತಪ್ಪು, ಒಪ್ತೀನಿ. ಆದರೆ ನಾನು "ಚೀಟಿ ತನ್ನಿ" ಅಂದರೆ ಏನಾಗುತ್ತೆ ಗೊತ್ತಾ? "ಓಹೋ, ದೊಡ್ಡ ಡಾಕ್ಟ್ರು ಇವರು" ಅಂತ ಬೈದು ಪಕ್ಕದ ಅಂಗಡಿಗೆ ಹೋಗ್ತಾರೆ. ಅವನು ಕೊಡ್ತಾನೆ. ಅಂಗಡಿ ಬಾಡಿಗೆ 14,000, ಫ್ರಿಜ್ ಕರೆಂಟ್ ಬಿಲ್ಲು, ಹುಡುಗನ ಸಂಬಳ ಯಾರು ಕೊಡ್ತಾರೆ? ಕೆಂಪು ಗೆರೆ ಇರೋ ಸ್ಟ್ರಿಪ್ಪನ್ನ ಚೀಟಿ ಇಲ್ಲದೆ ಕೇಳಬೇಡಿ ಅಂತ ಬೋರ್ಡ್ ಹಾಕಿದ್ದೆ. ಅದರ ಮೇಲೆ ಯಾರೋ ವೀಳ್ಯ ಉಗಿದು ಹೋದರು.

ಕೇಳಿದವರಿಗೆ ಒಂದು ಮಾತು. ಥೈರಾಕ್ಸಿನ್ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಕೊಡ್ತಿದ್ದರೆ ಥೈರಾಕ್ಸಿನ್ ಮೈಗೆ ಹತ್ತಲ್ಲ. ನಡುವೆ ನಾಲ್ಕು ಗಂಟೆ ಬಿಡಿ. ಹತ್ತದೆ ಇದ್ದರೆ ರಿಪೋರ್ಟಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಅಳೆಯೋ ರಕ್ತ ಪರೀಕ್ಷೆ) ಏರುತ್ತೆ, ಡಾಕ್ಟರು ಡೋಸ್ ಏರಿಸ್ತಾರೆ.

ನ್ಯೂಜೆರ್ಸಿ ಶಾನುಭೋಗ

ಜಾಹೀರಾತಿನ ವಿಷಯ ಬಂದದ್ದಕ್ಕೆ ಹೇಳುತ್ತಿದ್ದೇನೆ. ನೀವು ಪುಣ್ಯವಂತರು. ಇಲ್ಲಿ ಸಂಜೆ ನ್ಯೂಸ್ ಹಾಕಿದರೆ ಎರಡು ಸುದ್ದಿಗೆ ಒಂದು ಮಾತ್ರೆ. ಅಜ್ಜ ಮೊಮ್ಮಗನ ಜೊತೆ ಮೀನು ಹಿಡಿಯುತ್ತಾನೆ, ಹಿಂದೆ ಒಬ್ಬ ಉಸಿರು ಬಿಡದೆ "ಪಾರ್ಶ್ವವಾಯು, ಹೃದಯಾಘಾತ, ಸಾವು ಸಂಭವಿಸಬಹುದು" ಅಂತ ಸಹಸ್ರನಾಮ ಓದುತ್ತಾನೆ. ಕೊನೆಗೆ "ನಿಮ್ಮ ಡಾಕ್ಟರನ್ನು ಕೇಳಿ". ಚೀಟಿ ಬೇಕಾದ ಔಷಧಿಯನ್ನು ಹೀಗೆ ನೇರ ಜನಕ್ಕೆ ಮಾರಲು ಬಿಟ್ಟಿರುವುದು ಅಮೆರಿಕ, ನ್ಯೂಜಿಲೆಂಡ್ ಎರಡೇ. 1997ರಲ್ಲಿ ಇಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟಿವಿ ಜಾಹೀರಾತಿನ ನಿಯಮ ಸಡಿಲಿಸಿದ ಮೇಲೆ ಈ ಪ್ರವಾಹ.

ನಮ್ಮ ಮಾವನವರು ಆಗ ನಮ್ಮ ಜೊತೆಗಿದ್ದರು. ಒಲಿಂಪಿಕ್ ಸ್ಕೇಟಿಂಗ್ ಚಾಂಪಿಯನ್ ಡೊರೊಥಿ ಹ್ಯಾಮಿಲ್ ಬಂದು, ಕೀಲು ನೋವು ಹೋಯಿತು, ಮತ್ತೆ ಸ್ಕೇಟ್ ಮಾಡುತ್ತಿದ್ದೇನೆ ಅನ್ನುವ ವಯಾಕ್ಸ್ ಎಂಬ ನೋವಿನ ಮಾತ್ರೆಯ ಜಾಹೀರಾತು ನೋಡಿ, "ನನಗೂ ಅದೇ ಬೇಕು" ಅಂತ ಹಟ. ಡಾಕ್ಟರು ಮೊದಲು ಸಾಮಾನ್ಯ ನೋವಿನ ಮಾತ್ರೆ ಸಾಕು ಅಂದರು. ಮಾವ ಬಿಡಲಿಲ್ಲ, ಬರೆದುಕೊಟ್ಟರು. ಅವರಿಗೆ ವಿಸಿಟರ್ ಇನ್ಶೂರೆನ್ಸ್ ಮಾತ್ರ, ಮಾತ್ರೆಗೆ ಅನ್ವಯಿಸುವುದಿಲ್ಲ, ತಿಂಗಳಿಗೆ 80 ಡಾಲರ್ ಕೈಯಿಂದ. 2004ರ ಸೆಪ್ಟೆಂಬರ್ 30ಕ್ಕೆ ತಯಾರಿಸುತ್ತಿದ್ದ ಮರ್ಕ್ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಿತು, ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತೆ ಅಂತ. ಮಾವನವರಿಗೆ ಏನೂ ಆಗಲಿಲ್ಲ, ದೇವರ ದಯೆ. ಆದರೆ ಆ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ.

ಸುಮ್ನೆ ಓದೋನು

ಕೇಳಿದ್ದು ತಿಪಟೂರು. ತಲುಪಿದ್ದು ನ್ಯೂಜೆರ್ಸಿ.

ಬ್ಯಾಗ್ ಹೊತ್ತವ ದಾವಣಗೆರೆ

ಶಾನುಭೋಗರೇ, ಆ ವಯಾಕ್ಸ್‌ನ ಒಳಗಿನ ಔಷಧಿ ರೊಫೆಕಾಕ್ಸಿಬ್ ನಮ್ಮಲ್ಲೂ ಹತ್ತಾರು ಕಂಪನಿ ಮಾರುತ್ತಿದ್ದವು. ಬ್ಯಾಗಿನಲ್ಲಿ ನಾನೂ ಹೊತ್ತಿದ್ದೇನೆ. ಹೊಟ್ಟೆಗೆ ಹಗುರ ಅಂತ ಡಾಕ್ಟರಿಗೆ ವಿವರಿಸ್ತಿದ್ದೆವು, ಹೊಟ್ಟೆಗೆ ಹಗುರ ಅನ್ನೋದು ಸುಳ್ಳೂ ಆಗಿರಲಿಲ್ಲ. 2004ರ ಡಿಸೆಂಬರಿನಲ್ಲಿ ಇಲ್ಲೂ ನಿಷೇಧ ಆಯ್ತು. ಸಗಟು ಸ್ಟಾಕಿಸ್ಟ್ ಹತ್ತಿರ ಇದ್ದ ಮಾಲು ವಾಪಸ್ ಕಳಿಸೋದೇ ಒಂದು ತಿಂಗಳ ಕೆಲಸ, ಟಾರ್ಗೆಟ್ ಮಾತ್ರ ಇಳಿಸಲಿಲ್ಲ.

ಪುತ್ತೂರು ಪೇಟೆ

ನಮ್ಮ ಅಪ್ಪನದ್ದು ಕೇಳಿ ಮಾರಾಯ್ರೆ, ನೀವು ಕೇಳಿದ್ದಕ್ಕೆ ಸರಿ ಉತ್ತರ ಇದು. ಬಿಪಿಗೆ ಆಮ್ಲೋಡಿಪಿನ್ 10 ಇತ್ತು. ಎರಡೂ ಕಾಲು ಊದಿಕೊಂಡಿತು, ಚಪ್ಪಲಿ ಹಾಕ್ಲಿಕ್ಕೆ ಆಗುದಿಲ್ಲ. ಆ ಊತ ಆ ಮಾತ್ರೆಯಿಂದಲೇ ಬರ್ತದೆ ಅಂತ ಯಾರೂ ಹೇಳ್ಲಿಲ್ಲ. ಊತಕ್ಕೆ ಮೂತ್ರ ಹೋಗುವ ಮಾತ್ರೆ ಕೊಟ್ರು. ಅದರಿಂದ ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳಿಗೆ ಗೌಟ್, ಅಂದ್ರೆ ಕೀಲು ಊದಿ ನೋವು. ಗೌಟಿಗೆ ಫೆಬುಕ್ಸೊಸ್ಟಾಟ್, ನೋವಿಗೆ ಡೈಕ್ಲೊಫೆನಾಕ್. ಡೈಕ್ಲೊಫೆನಾಕ್‌ಗೆ ಬಿಪಿ ಏರ್ತದೆ, ಬಿಪಿಗೆ ಇನ್ನೊಂದು. ಹೊಟ್ಟೆ ಉರಿಗೆ ಗ್ಯಾಸಿನದ್ದು. ರಾತ್ರಿ ಮೂತ್ರಕ್ಕೆ ಏಳುದು ಹೆಚ್ಚಾಯ್ತು ಅಂತ ಪ್ರಾಸ್ಟೇಟಿಗೆ ಟ್ಯಾಮ್‌ಸುಲೊಸಿನ್. ಅದರಲ್ಲಿ ಎದ್ದು ನಿಂತ್ರೆ ತಲೆ ತಿರುಗುದು, ತಲೆ ತಿರುಗುದಕ್ಕೆ ಮತ್ತೊಂದು. ಒಂದು ರಾತ್ರಿ ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರೀತು. ಪ್ಲಾಸ್ಟರ್ 4,200, ಎಕ್ಸ್‌ರೇ 450, ರಿಕ್ಷಾ ಬೇರೆ. ಮೂಳೆಗೆ ಕ್ಯಾಲ್ಸಿಯಂ!

ಇಷ್ಟಕ್ಕೂ ಬುಡ ಎಂತದ್ದು? ಒಂದೇ ಒಂದು ಆಮ್ಲೋಡಿಪಿನ್. ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ವಯಸ್ಸಾದವರಿಗೆ ಅಂತಲೇ ಜೀರಿಯಾಟ್ರಿಕ್ ಒಪಿಡಿ ಉಂಟು, ಅಲ್ಲಿಯ ಮೇಡಂ ಹುಡುಕಿದ್ದು. ಚೀಟಿ ಮಾಡ್ಲಿಕ್ಕೆ 150 ರೂಪಾಯಿ, ಅಷ್ಟೇ. ಅವರು ಮೊದಲಿನಿಂದ ಯಾವ ತಿಂಗಳು ಯಾವ ಮಾತ್ರೆ ಸೇರಿತು ಅಂತ ಬರೆಸಿಕೊಂಡ್ರು, ಅದಕ್ಕೇ ಒಂದು ಬೆಳಿಗ್ಗೆ ಹೋಯ್ತು. ಆಮ್ಲೋಡಿಪಿನ್ ಬದ್ಲು ಬೇರೆ ಕೊಟ್ಟು, ಉಳಿದದ್ದನ್ನ ಒಂದೊಂದಾಗಿ ತೆಗೆದ್ರು. ಒಂದು ತೆಗೀವುದು, ಬಿಪಿ ಬರೆದು ತರುದು, ಸರಿ ಇದ್ರೆ ಮತ್ತೊಂದು. ಒಟ್ಟಿಗೆ ತೆಗೀಲಿಲ್ಲ. ಈಗ ಅಪ್ಪನಿಗೆ ಮೂರು ಮಾತ್ರೆ. ಪೇಟೆಗೆ ನಡ್ಕೊಂಡು ಹೋಗಿ ಪೇಪರ್ ತರ್ತಾರೆ.

ಸೇರಿಸುವವರು ಹತ್ತು ಜನ ಇದ್ದಾರೆ, ತೆಗೀವವರು ಸಿಗುದೇ ಕಷ್ಟ.

ಕಷಾಯಪ್ರಿಯ

ಇದನ್ನೆಲ್ಲ ಓದಿ ನಗು ಬರುತ್ತಿದೆ. ಇಂಗ್ಲಿಷ್ ಔಷಧಿಯ ಸಹವಾಸವೇ ಇಷ್ಟು. ನನಗೂ ಶುಗರ್ ಇತ್ತು. ಟಿವಿಯಲ್ಲಿ ಬೆಳಗಿನ ಕಾರ್ಯಕ್ರಮ ನೋಡಿ ಒಂದು ಚೂರ್ಣ ತರಿಸಿದೆ, ಡಬ್ಬಿಗೆ 1,499, ಮೂರು ಕೊಂಡರೆ ಒಂದು ಉಚಿತ. ಎಲ್ಲಾ ಮಾತ್ರೆ ಬಿಟ್ಟು ವರ್ಷವಾಯಿತು. ಕಲ್ಲುಗುಂಡಿನ ಹಾಗಿದ್ದೇನೆ.

ಸಕಲೇಶಪುರ ತೋಟ

@ಕಷಾಯಪ್ರಿಯ, ನಿಮ್ಮ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್ ಎಷ್ಟು?

ಕಷಾಯಪ್ರಿಯ

ನನಗೆ ನಂಬರಿನ ಭಯ ಇಲ್ಲ. ಮೈ ಹೇಳುತ್ತೆ.

ಸಕಲೇಶಪುರ ತೋಟ

ನಮ್ಮ ಭಾವನೂ ಹೀಗೇ ಮಾತಾಡ್ತಿದ್ದದ್ದು. ನೀವು ಹೋಗೋದಾದರೆ ಹೋಗಿ, ಬೇರೆಯವರ ಮನೆಯ ವೃದ್ಧರನ್ನ ಜೊತೆಗೆ ಕರೆದುಕೊಂಡು ಹೋಗಬೇಡಿ.

ನಂಬಿಕೆ ಫಾರ್ಮಸಿ ಮಂಡ್ಯ

ಶುಗರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದೇ ಅಪರಾಧ ಕಣ್ರೀ. 1954ರಲ್ಲೇ ಕಾನೂನು ಇದೆ, ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಅಂತ. ಅದರ ಪಟ್ಟಿಯಲ್ಲಿ 54 ಕಾಯಿಲೆ, ಸಕ್ಕರೆ ಕಾಯಿಲೆ ಒಳಗೇ ಇದೆ. ಯಾವ ಪದ್ಧತಿ ಅನ್ನೋದು ಮುಖ್ಯ ಅಲ್ಲ, ಎಲ್ಲರಿಗೂ ಒಂದೇ. 2024ರಲ್ಲಿ ಪತಂಜಲಿಯವರು ಸುಪ್ರೀಂ ಕೋರ್ಟಿನ ಮುಂದೆ ನಿಂತು, ಪೇಪರಿನಲ್ಲಿ ಕ್ಷಮಾಪಣೆ ಹಾಕಿಸಿದ್ದು ನೆನಪಿಲ್ವಾ? ಕಾನೂನಿಗೆ ಎಪ್ಪತ್ತು ವರ್ಷ ಆದಮೇಲೆ.

ಕಷಾಯಪ್ರಿಯ

ಆಯುರ್ವೇದವನ್ನು ಅವಮಾನಿಸಬೇಡಿ. ನಿಮಗೆ ಅಲೋಪತಿ ಕಮಿಷನ್ ಬರುತ್ತೆ, ಅದಕ್ಕೆ ಈ ಮಾತು.

ನಂಬಿಕೆ ಫಾರ್ಮಸಿ ಮಂಡ್ಯ

ಕಮಿಷನ್ನಾ? ಸರ್ಕಾರ ಬೆಲೆ ನಿಗದಿ ಮಾಡಿದ ಔಷಧಿಗೆ ನಮಗೆ ಸಿಗೋದು ನೂರಕ್ಕೆ ಹದಿನಾರು. ನಿಮ್ಮ ಚೂರ್ಣದ ಡಬ್ಬಿಗೆ ಎಷ್ಟಿರುತ್ತೆ, ಆ ಟಿವಿಯವರನ್ನೇ ಕೇಳಿ. ಇನ್ನು ಅವಮಾನ ಯಾರು ಮಾಡಿದ್ರು? ನಮ್ಮ ತಾತ ನಾಟಿ ವೈದ್ಯರು. "ವಾಸಿ ಮಾಡ್ತೀನಿ" ಅಂತ ಯಾವತ್ತೂ ಬೋರ್ಡ್ ಹಾಕಿದವರಲ್ಲ.

ಎಣ್ಣೆಗಾಯಿ ಹುಬ್ಬಳ್ಳಿ

ಕಷಾಯದವ್ರ, ಸುಮ್ಮ ಹೋಗಿ ಒಮ್ಮೆ ರಕ್ತ ತೋರಿಸ್ರಿ. ನಮ್ಮ ಮನಿ ಬಾಜೂಕಿನವ್ರು ಹಿಂಗ ಅಂತಿದ್ರು, ಈಗ ಕಾಲಿನ ಎರಡು ಬೊಟ್ಟ ಇಲ್ಲ.

ಸುಮ್ನೆ ಓದೋನು

ತಮಾಷೆ ಸಾಕು, ನಂದೂ ಹೇಳ್ತೀನಿ. ಮೊದಲನೇ ಕಥೆ ಓದಿದ ದಿನವೇ ಆ ಕ್ಯಾಪ್ಸೂಲ್ ನಿಲ್ಲಿಸಿದೆ, ಡಾಕ್ಟರನ್ನ ಕೇಳದೆ. ಎದೆ ಉರಿ ಮೊದಲಿಗಿಂತ ಎರಡರಷ್ಟು, ರಾತ್ರಿ ಕೂತೇ ಕಳೆದೆ. ಹೃದಯದ್ದೇನೋ ಅಂತ ಹೆದರಿ ಇಸಿಜಿ 300, ಎಮರ್ಜೆನ್ಸಿ ಫೀ 1,000, ಹೆಂಡತಿ ಬೈಗುಳ ಉಚಿತ. ಡಾಕ್ಟರು ಹೇಳಿದ್ದು: ವರ್ಷಗಟ್ಟಲೆ ಆಸಿಡ್ ಒತ್ತಿ ಹಿಡಿದು ಒಂದೇ ಸಲ ಬಿಟ್ಟರೆ ಕೆಲವು ವಾರ ಅದು ಉಕ್ಕುತ್ತೆ. ಅದನ್ನ ನೋಡಿ ಜನ "ಈ ಮಾತ್ರೆ ಇಲ್ಲದೆ ನನಗಾಗಲ್ಲ" ಅಂತ ಮತ್ತೆ ಶುರು ಮಾಡ್ತಾರೆ. ಈಗ ಲೆವೊಸಲ್ಪಿರೈಡ್ ಇಲ್ಲದ ಬರೀ ಗ್ಯಾಸ್ ಮಾತ್ರೆ ಕೊಟ್ಟಿದ್ದಾರೆ, ಡೋಸ್ ಅರ್ಧ, ಆಮೇಲೆ ದಿನ ಬಿಟ್ಟು ದಿನ. ಸಮಸ್ಯೆ ಏನಂದ್ರೆ ನನಗೆ ಬೇಕಾದದ್ದು ಎಂಟು ಮಾತ್ರೆ. ಅಂಗಡಿಯವನು ಪೂರ್ತಿ ಹದಿನೈದರ ಸ್ಟ್ರಿಪ್ ತೊಗೊಂಡ್ರೇ ಕೊಡ್ತೀನಿ ಅಂದ. ಉಳಿದದ್ದನ್ನ ಏನು ಮಾಡಲಿ, ತಿನ್ನಲಾ?

ಪುತ್ತೂರು ಪೇಟೆ

ಇದೇ ನಮ್ಮಲ್ಲೂ. ಮೇಡಂ ತೆಗೆಸಿದ ಮಾತ್ರೆಗಳು ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಪೂರ್ತಿ ಉಂಟು. ಲೆಕ್ಕ ಹಾಕಿದೆ, 2,700 ರೂಪಾಯಿಯ ಮಾಲು. ವಾಪಸ್ ತೆಕ್ಕೊಳ್ಳಿ ಅಂದ್ರೆ ಅಂಗಡಿಯವ ಮುಖ ತಿರುಗಿಸ್ತಾನೆ.

ನಂಬಿಕೆ ಫಾರ್ಮಸಿ ಮಂಡ್ಯ

ಕತ್ತರಿಸಿದ ಸ್ಟ್ರಿಪ್ಪಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಒಂದು ತುದಿಯಲ್ಲಿ ಮಾತ್ರ ಇರುತ್ತೆ. ಆ ತುದಿ ನಿಮಗೆ ಕೊಟ್ಟರೆ ಉಳಿದದ್ದನ್ನ ನಾನು ಯಾರಿಗೆ ಮಾರಲಿ? ಕಂಪನಿ ಕತ್ತರಿಸಿದ್ದನ್ನ ಹಿಂದಕ್ಕೆ ತೊಗೊಳ್ಳಲ್ಲ. ನಷ್ಟ ನಂದು.

ಬ್ಯಾಗ್ ಹೊತ್ತವ ದಾವಣಗೆರೆ

ಹತ್ತರ ಸ್ಟ್ರಿಪ್ಪು ಹದಿನೈದರದ್ದಾಗಿದ್ದು ಯಾಕೆ ಅಂತ ಮಾತ್ರ ಕೇಳಬೇಡಿ. ನಾನು ನಿವೃತ್ತ.

ರಾಜಾಜಿನಗರ ಸೊಸೆ

ಈಗ ಕೇಳ್ತೀನಿ. ಯಾಕೆ?

ನಂಬಿಕೆ ಫಾರ್ಮಸಿ ಮಂಡ್ಯ

@ಪುತ್ತೂರು ಪೇಟೆ, ಪೂರ್ತಿ ಸ್ಟ್ರಿಪ್ಪು, ಬಿಲ್ಲು ಇದ್ದು, ನನ್ನ ಅಂಗಡಿದೇ ಆದರೆ ತನ್ನಿ, ಬದಲಿಗೆ ಬೇರೆ ಔಷಧಿ ಕೊಡ್ತೀನಿ, ದುಡ್ಡು ಕೊಡಲ್ಲ. ಇನ್ಸುಲಿನ್ ಮಾತ್ರ ತರಬೇಡಿ, ನಿಮ್ಮ ಮನೇಲಿ ಅದು ಫ್ರಿಜ್ಜಲ್ಲಿತ್ತೋ ಟಿವಿ ಮೇಲಿತ್ತೋ ನನಗೇನು ಗೊತ್ತು.

ಪುತ್ತೂರು ಪೇಟೆ

ಪುತ್ತೂರಿನಿಂದ ಮಂಡ್ಯಕ್ಕೆ ಬಸ್ ಚಾರ್ಜು ಎಷ್ಟಾಗ್ತದೆ ಗೊತ್ತುಂಟಾ ನಿಮಗೆ?